ಅರ್ಧದಲ್ಲೇ ನಿಲ್ಲುವ ಗಣಕಯಂತ್ರ

ಗುಂಡಿ ಒತ್ತಿದ ಕೂಡಲೇ ಗಣಕಯಂತ್ರ ಕೆಲಸಕ್ಕೆ ಸಿದ್ಧವಾಗುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಹಂತಹಂತವಾಗಿ ಎಚ್ಚರಗೊಳ್ಳುತ್ತದೆ. ಮೊದಲು ಅದಕ್ಕೆ ವಿದ್ಯುತ್ತು ದೊರೆಯಬೇಕು. ಬಳಿಕ ಯಂತ್ರವು ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆಮೇಲೆ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕುತ್ತದೆ. ಕೊನೆಗೆ ಆ ವ್ಯವಸ್ಥೆ ಅಗತ್ಯವಾದ ತಂತ್ರಾಂಶಗಳನ್ನು ಒಂದೊಂದಾಗಿ ಜೊತೆಗೂಡಿಸಿಕೊಂಡು ತೆರೆಯ ಮೇಲೆ ಮೂಡುತ್ತದೆ. ಯಂತ್ರ ಏಳಲಿಲ್ಲವೆಂದು ಗಾಬರಿಗೊಳ್ಳುವ ಬದಲು, ಅದು ಯಾವ ಹಂತದಲ್ಲಿ ನಿಂತಿತೆಂಬುದನ್ನು ಗಮನಿಸಿದರೆ ದೋಷ ಅರ್ಧ ಪತ್ತೆಯಾದಂತೆಯೇ ಸರಿ.

ಇದಕ್ಕೆ 2024ರ ಜುಲೈ 19ರ ಘಟನೆಯೇ ನಿದರ್ಶನ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ಒಂದು ಕಡತದಲ್ಲಿ ದೋಷವಿತ್ತು. ವಿಂಡೋಸ್ ಏಳುವಾಗಲೇ ಆ ಕಡತವನ್ನು ಓದುತ್ತಿದ್ದುದರಿಂದ ಯಂತ್ರಗಳು ನೀಲಿ ತೆರೆ ತೋರಿಸಿ ನಿಲ್ಲುತ್ತಿದ್ದವು. ಮತ್ತೆ ಆರಂಭಿಸಿದರೆ ಮತ್ತೆ ಅಲ್ಲಿಯೇ ನಿಲ್ಲುತ್ತಿದ್ದವು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಹೀಗಾದವು. ಅದೇ ದಿನ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಗಣಕ ವ್ಯವಸ್ಥೆ ಸ್ಥಗಿತಗೊಂಡು, ಪ್ರಯಾಣಿಕರ ನೋಂದಣಿಯನ್ನು ಸಿಬ್ಬಂದಿ ಕೈಯಾರೆ ನಡೆಸಬೇಕಾಯಿತು. ಕ್ರೌಡ್‌ಸ್ಟ್ರೈಕ್ ದೋಷಕ್ಕೆ ಪರಿಹಾರವಾದರೋ ಸರಳವಾಗಿತ್ತು: ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ ಆ ಕಡತವನ್ನು ಅಳಿಸುವುದು. ಯಂತ್ರವೂ ಕೆಟ್ಟಿರಲಿಲ್ಲ, ಅದರಲ್ಲಿದ್ದ ಮಾಹಿತಿಯೂ ಹೋಗಿರಲಿಲ್ಲ.

ಕಾರ್ಕಳ ತಾಲ್ಲೂಕಿನ ಬೆಳ್ಮಣ್‌ನಂತಹ ಊರಿನ ಮನೆಯಲ್ಲಿ ಕಾರಣಗಳು ಬೇರೆಯಾಗಬಹುದು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ತೇವಾಂಶ, ಸಿಡಿಲು ಹಾಗೂ ಪದೇ ಪದೇ ಹೋಗಿಬರುವ ವಿದ್ಯುತ್ತು ಗಣಕಯಂತ್ರದ ಮೂರು ಶತ್ರುಗಳು. ಆದರೆ ಪರೀಕ್ಷಿಸುವ ಕ್ರಮ ಎಲ್ಲೆಡೆಯೂ ಒಂದೇ.

ದೀಪವೇ ಬೆಳಗದಿದ್ದರೆ ಸ್ವಿಚ್ಚು, ಯು.ಪಿ.ಎಸ್. ಮತ್ತು ತಂತಿಗಳನ್ನು ನೋಡಬೇಕು. ದೀಪ ಬೆಳಗಿ, ಫ್ಯಾನು ತಿರುಗಿ, ತೆರೆ ಕಪ್ಪಾಗಿಯೇ ಉಳಿದು ಬೀಪ್ ಸದ್ದು ಬಂದರೆ ಮೆಮೊರಿ ಪಟ್ಟಿಯ ಮೇಲೆ ಸಂಶಯ ಪಡಬಹುದು. ತೇವಕ್ಕೆ ಅದರ ಅಂಚು ಮಾಸಿರುತ್ತದೆ. ಮೇಜಿನ ಯಂತ್ರವಾದರೆ ಪ್ಲಗ್ಗನ್ನು ಪೂರ್ತಿ ಕಳಚಿ, ಪಟ್ಟಿಯನ್ನು ತೆಗೆದು, ಒಣ ಮೃದುಬಟ್ಟೆಯಿಂದ ಒರೆಸಿ ಮತ್ತೆ ಭದ್ರವಾಗಿ ಕೂರಿಸಿದರೆ ಎಷ್ಟೋ ಸಲ ಯಂತ್ರ ಏಳುತ್ತದೆ. ದಿನಾಂಕ ಪ್ರತಿಸಲವೂ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರುವ ಸಂಭವವಿದೆ. ಅದರ ಗುರುತು ಸಿ.ಆರ್. 2032.

‘ಡಿಸ್ಕ್ ಸಿಗುತ್ತಿಲ್ಲ’ ಎಂಬರ್ಥದ ಸಂದೇಶ ಬಂದರೆ ಮೊದಲು ಸಿಕ್ಕಿಸಿರುವ ಪೆನ್‌ಡ್ರೈವನ್ನು ತೆಗೆಯಿರಿ. ಲಾಂಛನ ಮೂಡಿ ಚುಕ್ಕಿಗಳು ಸುತ್ತುತ್ತಲೇ ಇದ್ದರೆ ಪ್ರಿಂಟರ್ ಮೊದಲಾದುವನ್ನೂ ಬೇರ್ಪಡಿಸಿ ನೋಡಬೇಕು. ವಿಂಡೋಸ್ 10 ಮತ್ತು 11ರಲ್ಲಿ ಎರಡು ಮೂರು ಪ್ರಯತ್ನ ವಿಫಲವಾದರೆ ದುರಸ್ತಿಯ ಪುಟ ಸಾಮಾನ್ಯವಾಗಿ ತಾನಾಗಿಯೇ ತೆರೆಯುತ್ತದೆ. ಅಲ್ಲಿ ‘ಸ್ಟಾರ್ಟ್‌ಅಪ್ ರಿಪೇರ್’, ಹೊಸದಾಗಿ ಸೇರಿದ ಅಪ್‌ಡೇಟ್ ತೆಗೆಯುವುದು, ಸೇಫ್ ಮೋಡ್ ಇವನ್ನು ಕ್ರಮವಾಗಿ ಪ್ರಯತ್ನಿಸಬಹುದು. ಕೆಲವು ಯಂತ್ರಗಳು ಈ ಘಟ್ಟದಲ್ಲಿ ‘ಬಿಟ್‌ಲಾಕರ್’ ಎಂಬ ಬೀಗದ 48 ಅಂಕಿಗಳ ಸಂಖ್ಯೆಯನ್ನು ಕೇಳುತ್ತವೆ. ಯಂತ್ರ ಸರಿಯಿರುವಾಗಲೇ ಅದನ್ನು ಬರೆದು ಮನೆಯ ದಾಖಲೆಪತ್ರಗಳೊಡನೆ ಇಡುವುದು ಲೇಸು.

ಹಾರ್ಡ್‌ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬಂದರೆ ಮಾತ್ರ ಯಾವ ಪ್ರಯೋಗವೂ ಬೇಡ, ಒಡನೆಯೇ ನಿಲ್ಲಿಸಿಬಿಡಿ. ಪ್ರತಿಯೊಂದು ಮರುಪ್ರಯತ್ನವೂ ಒಳಗಿನ ಮಾಹಿತಿಗೆ ಅಪಾಯ ತರಬಲ್ಲುದು.

ಇಲ್ಲಿಯೇ ನಾವು ವಿವೇಕ ತಪ್ಪಬಾರದು. ‘ಫಾರ್ಮ್ಯಾಟ್ ಮಾಡಿದರಾಯಿತು’ ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. ಯಂತ್ರ ಒಂದು ಗಂಟೆಯಲ್ಲಿ ಹೊಸದಾಗುವುದೂ ನಿಜ. ಆದರೆ ಮದುವೆಯ ಭಾವಚಿತ್ರಗಳು, ಗತಿಸಿದ ಹಿರಿಯರ ಧ್ವನಿಮುದ್ರಿಕೆ, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಮಕ್ಕಳು ಕಳುಹಿಸಿದ ಪತ್ರಗಳು, ಜಮೀನಿನ ದಾಖಲೆಗಳ ಪ್ರತಿ ಇವೆಲ್ಲ ಅದರೊಡನೆ ಅಳಿಸಿಹೋಗುತ್ತವೆ. ಏಳದ ಯಂತ್ರದ ಡಿಸ್ಕನ್ನು ಬಿಚ್ಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿದರೆ ಅನೇಕ ವೇಳೆ ಎಲ್ಲವೂ ಹಾಗೆಯೇ ದೊರೆಯುತ್ತದೆ. ಆದ್ದರಿಂದ ದುರಸ್ತಿಗೆ ಕೊಡುವಾಗ, “ಮೊದಲು ಕಡತಗಳನ್ನು ತೆಗೆದಿಡಿ, ಆಮೇಲೆ ಉಳಿದ ಕೆಲಸ” ಎಂದು ಸ್ಪಷ್ಟವಾಗಿ ಹೇಳಿ, ಚೀಟಿಯಲ್ಲಿಯೂ ಬರೆಸಬೇಕು.

ಯಂತ್ರವನ್ನು ಹಣಕೊಟ್ಟು ಮತ್ತೆ ಕೊಳ್ಳಬಹುದು. ಅದರೊಳಗಿನ ಮನೆತನದ ನೆನಪನ್ನು ಕೊಳ್ಳಲಾಗದು. ತಿಂಗಳಿಗೊಮ್ಮೆ ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಅದನ್ನು ಯಂತ್ರದಿಂದ ಕಳಚಿ, ತೇವ ತಾಗದ ಕಪಾಟಿನಲ್ಲಿ ಇಡುವ ರೂಢಿ ಪ್ರತಿಯೊಂದು ಮನೆಯಲ್ಲಿಯೂ ಬೆಳೆಯಲಿ. ಈ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಿದರೆ ಅವರಿಗೂ ಹೊಣೆ ಅರಿವಾದೀತು.