ಆಡದ ಆಟಿಕೆಗಳು

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ವಯಸ್ಸಾದ ಗೃಹಸ್ಥನೊಬ್ಬನು ಆಟಿಕೆಗಳನ್ನು ಕೂಡಿಡುವನೆಂದರೆ ಹಿರಿಯರು ನಗುವರು. ಈ ನಗು ಯುಕ್ತವಲ್ಲ. ನವರಾತ್ರಿಯಲ್ಲಿ ಎಷ್ಟೋ ಮನೆಗಳಲ್ಲಿ ಹಂತಹಂತವಾಗಿ ಏರಿಸಿಡುವ ಗೊಂಬೆಗಳು ಸಂಗ್ರಹವಲ್ಲದೆ ಮತ್ತೇನು? 1938ರಲ್ಲಿ ಅಮೆರಿಕದ ಚಿತ್ರಕಥೆಯಲ್ಲಿ ಹುಟ್ಟಿದ ಸೂಪರ್‌ಮ್ಯಾನನು ಪರದೇಶೀಯನೆಂಬ ಆಕ್ಷೇಪವೂ ನಿಲ್ಲದು. ಚನ್ನಪಟ್ಟಣದ ಅರಗಿನ ಗೊಂಬೆಯ ಕಸುಬನ್ನೂ ಟಿಪ್ಪುವಿನ ಕಾಲದಲ್ಲಿ ಪಾರಸೀಕ ಕುಶಲಿಗಳು ಕಲಿಸಿದರೆಂಬ ಪ್ರತೀತಿಯುಂಟು.

ದೋಷವಿರುವುದು ಬೇರೆಡೆಯಲ್ಲಿ. ಈಗಿನ ಸಂಗ್ರಾಹಕರಲ್ಲಿ ಹಲವರು ಪೆಟ್ಟಿಗೆಯನ್ನು ಬಿಚ್ಚದೆಯೇ ಬೀರುವಿನಲ್ಲಿಟ್ಟು ಬೀಗ ಹಾಕುವರು, ಬಿಚ್ಚಿದರೆ ಬೆಲೆಯಿಳಿಯುವುದಂತೆ! ಮನೆಯ ಮಗುವು ಗಾಜಿನ ಹೊರಗೆ ನಿಂತು ನೋಡಬೇಕು. ದಸರೆಯ ಗೊಂಬೆಯನ್ನೂ ಮಗುವು ಮುಟ್ಟಬಾರದೆಂಬುದು ದಿಟ. ಆದರೆ ಆ ದಿನಗಳಲ್ಲಿ ಬಾಗಿಲು ತೆರೆದಿರುವುದು. ನೆರೆಯ ಮಕ್ಕಳು ಬಂದು ನೋಡಿ, ಕಥೆ ಕೇಳಿ, ಗೊಂಬೆ ಬಾಗಿನ ಪಡೆದು ಹೋಗುವರು. ಮುಚ್ಚಿದ ಪೆಟ್ಟಿಗೆಯಲ್ಲಿ ಕಥೆಯೂ ಇಲ್ಲ, ಬಾಗಿನವೂ ಇಲ್ಲ. ಬೆಲೆಯೇರಲೆಂದು ಕಾಯುವ ವಸ್ತುವು ಆಟಿಕೆಯಲ್ಲ, ಸರಕು. ಹಾಲೆಮರವನ್ನು ಕಡೆದು ಬಣ್ಣವೇರಿಸುವ ಚನ್ನಪಟ್ಟಣದ ಕುಶಲಿಯು ಬುಗುರಿಯನ್ನು ಮಾಡುವುದು ತಿರುಗಲೆಂದು.

ಹರಿಹರೇಶ್ವರನ ಒಂದೇ ವಿಗ್ರಹದಲ್ಲಿ ಹರಿಯೂ ಹರನೂ ಕೂಡಿರುವಂತೆ ಒಂದೇ ಬೀರುವಿನಲ್ಲಿ ಸಂಗ್ರಹಕ್ಕೂ ಆಟಕ್ಕೂ ಸ್ಥಳವುಂಟು. ಮೇಲಿನ ಅರೆಗಳನ್ನು ತಂದೆಯು ಇಟ್ಟುಕೊಳ್ಳಲಿ; ಕೆಳಗಿನದೊಂದನ್ನಾದರೂ ಬೀಗವಿಲ್ಲದೆ ಮಕ್ಕಳಿಗೆ ಬಿಟ್ಟುಕೊಡಲಿ.