ದೂರದ ಅತಿಥಿ: ಉಪನ್ಯಾಸಕ್ಕಿಂತ ಮಾರ್ಗದರ್ಶನಕ್ಕೇ ಹೆಚ್ಚು ಲಾಭ

ಬೆಂಗಳೂರಿನ ವಿಜ್ಞಾನಿಯೊಬ್ಬರನ್ನು ಬೀದರಿನ ಕಾಲೇಜಿಗೆ ಕರೆಸುವುದೆಂದರೆ ಒಂದು ಗಂಟೆಯ ಉಪನ್ಯಾಸಕ್ಕೆ ಎರಡು ರಾತ್ರಿಗಳ ಪ್ರಯಾಣ. ಭತ್ಯೆ, ವಸತಿ, ಹಾರ-ಶಾಲುಗಳ ವೆಚ್ಚ ಬೇರೆ. 2020ರ ಲಾಕ್‌ಡೌನ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಝೂಮ್ ಅಥವಾ ಗೂಗಲ್ ಮೀಟ್‌ನ ಕೊಂಡಿಯೊಂದನ್ನು ಕಳುಹಿಸಿದರೆ ಅತಿಥಿ ಹಾಜರು. (ಇಲ್ಲಿ ಅತಿಥಿಯೆಂದರೆ ಹೊರಗಿನಿಂದ ಬರುವ ವಿದ್ವಾಂಸರು; ಸರ್ಕಾರಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿಯೂ 'ಅತಿಥಿ'ಗಳಾಗಿಯೇ ಉಳಿದವರ ಕಥೆ ಬೇರೆ.)

ದೂರದಿಂದ ಪಾಠ ಹೇಳುವುದು ರಾಜ್ಯಕ್ಕೆ ಹೊಸತಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿತ್ತು. ಆಗ ಸ್ಟುಡಿಯೊ, ಆಂಟೆನಾ ಬೇಕಿದ್ದವು. ಈಗ ಮೊಬೈಲ್ ಸಾಕು. ಆದರೆ ಕೇಳುವುದಷ್ಟೇ ಉದ್ದೇಶವಾದರೆ, ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ರೂಪಿಸಿದ ಎನ್‌ಪಿಟಿಇಎಲ್‌ನ ಮುದ್ರಿತ ವಿಡಿಯೊ ಪಾಠಗಳು ಉಚಿತವಾಗಿಯೇ ಇವೆ. ಮತ್ತೊಂದು ಭಾಷಣದ ಅಗತ್ಯವೇನು?

ನೇರ ಉಪನ್ಯಾಸಕ್ಕೆ ಬೆಲೆ ಬರುವುದು ಪ್ರಶ್ನೆಯಿಂದ. ಪರದೆಯ ಸಭೆಯಲ್ಲಿ ಸೊರಗುವುದೂ ಅದೇ. ಇನ್ನೂರು ಮಂದಿಯೆದುರು ಮೈಕ್ ತೆರೆದು ಇಂಗ್ಲಿಷಿನಲ್ಲಿ ಕೇಳಲು ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಅಳುಕುತ್ತಾನೆ. ಭಾಷಣ ಮುಗಿದು ಅತಿಥಿ ಕಾಫಿ ಕುಡಿಯುವಾಗ ಅವನೇ ಹತ್ತಿರ ಸುಳಿದು ಕನ್ನಡದಲ್ಲಿ ಕೇಳಬಲ್ಲ. ಪ್ರಯೋಗಾಲಯದ ಮೂಲೆಯಲ್ಲಿ ಧೂಳು ಹಿಡಿದ ಉಪಕರಣ ಅತಿಥಿಯ ಕಣ್ಣಿಗೆ ಬೀಳುವುದೂ ಆಗಲೇ. ಪರದೆಯಲ್ಲಾದರೋ ಸಭೆ ಮುಗಿದೊಡನೆ ಎಲ್ಲರೂ ಮಾಯ. ಚಾಟ್‌ನಲ್ಲಿ ಬರೆದು ಕೇಳುವ ಅವಕಾಶ ಈ ಕೊರತೆಯನ್ನು ಕೊಂಚ ತುಂಬೀತು, ಅಷ್ಟೇ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ 'ಗಿಯಾನ್' ಯೋಜನೆ ವಿದೇಶಿ ಪ್ರಾಧ್ಯಾಪಕರನ್ನು ಇಲ್ಲಿನ ಆವರಣಗಳಿಗೇ ಕರೆಸಿತು; ಸ್ಕೈಪ್ ಆಗಲೇ ಬಳಕೆಯಲ್ಲಿತ್ತೆಂಬುದು ಗಮನಾರ್ಹ.

ಮಾರ್ಗದರ್ಶನದ ಸ್ಥಿತಿ ಇದಕ್ಕೆ ತದ್ವಿರುದ್ಧ. ಸಂಶೋಧನಾರ್ಥಿಗೆ ಬೇಕಾದುದು ವರ್ಷಕ್ಕೊಂದು ಭಾಷಣವಲ್ಲ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ. ಕರಡು ಅಧ್ಯಾಯವನ್ನು ಇಬ್ಬರೂ ಒಂದೇ ಪರದೆಯಲ್ಲಿ ತೆರೆದಿಟ್ಟು, ತಪ್ಪಿದ ನಕ್ಷೆಯನ್ನು ಅಲ್ಲಿಯೇ ತಿದ್ದಬಹುದು. ತನ್ನೂರಿನಲ್ಲಿ ಸಿಗದ ವಿಷಯತಜ್ಞರು ಹೀಗೆ ಕೈಗೆಟುಕುತ್ತಾರೆ. ಹೊರಗಿನ ಪರೀಕ್ಷಕರ ಬಿಡುವಿಗಾಗಿ ಕಾಯುತ್ತಿದ್ದ ಪಿಎಚ್‌.ಡಿ. ಮೌಖಿಕ ಪರೀಕ್ಷೆಯನ್ನೂ ವಿಡಿಯೊ ಮೂಲಕ ನಡೆಸಬಹುದೆಂದು ಯುಜಿಸಿ 2020ರ ಏಪ್ರಿಲ್ ಮಾರ್ಗಸೂಚಿಯಲ್ಲಿ ತಿಳಿಸಿತು.

ಆದರೂ ಕಾಲೇಜುಗಳ ಒಲವು ವೆಬಿನಾರ್‌ಗಳ ಕಡೆಗೇ. ಕಾರಣ ಸರಳ: ನ್ಯಾಕ್ ಮೌಲ್ಯಮಾಪನಕ್ಕೆ ವೆಬಿನಾರ್‌ನ ಫೋಟೊ, ಹಾಜರಿಪಟ್ಟಿ, ಇ-ಪ್ರಮಾಣಪತ್ರಗಳನ್ನು ಲಗತ್ತಿಸಬಹುದು. ಇಬ್ಬರು ಕುಳಿತು ಕರಡು ತಿದ್ದಿದ್ದಕ್ಕೆ ಸಮಾರಂಭದ ಮೆರುಗಿಲ್ಲ, ಬಹುತೇಕ ಸಂಭಾವನೆಯೂ ಇಲ್ಲ. ಹೊರಗಿನ ತಜ್ಞರ ಸೌಜನ್ಯವನ್ನೇ ನೆಚ್ಚಿಕೊಂಡ ಏರ್ಪಾಡು ಒಂದೆರಡು ತಿಂಗಳಲ್ಲಿ ಸೊರಗುವುದು ಸಹಜ. ಅತಿಥಿಯ ಮೊದಲ ಭೇಟಿಗಾದರೂ ಪ್ರಯಾಣವೆಚ್ಚ ಕೊಟ್ಟು ಮುಖಾಮುಖಿ ಪರಿಚಯ ಮಾಡಿಸಿ, ಬಳಿಕದ ಗಂಟೆಗಳಿಗೆ ಗೌರವಧನ ನಿಗದಿಪಡಿಸಿ, ವಿದ್ಯಾರ್ಥಿನಿಲಯದಲ್ಲಿ ಸದ್ದಿಲ್ಲದ ಒಂದು ಕೊಠಡಿಯನ್ನೂ ನೆಚ್ಚಬಹುದಾದ ಅಂತರ್ಜಾಲವನ್ನೂ ಒದಗಿಸಲು ದೊಡ್ಡ ಮೊತ್ತವೇನೂ ಬೇಕಿಲ್ಲ.