ಬಯಲುನಾಡಿಗೆ ಮಲೆನಾಡಿನ ಅಳತೆಗೋಲು ಬೇಡ

ದೇಶದ ಭೂಭಾಗದ ಮೂರನೇ ಒಂದರಷ್ಟು ಪ್ರದೇಶದಲ್ಲಿ ಅರಣ್ಯ ಅಥವಾ ವೃಕ್ಷಾವರಣ ಇರಬೇಕೆಂಬುದು 1988ರ ರಾಷ್ಟ್ರೀಯ ಅರಣ್ಯ ನೀತಿಯ ಆಶಯ. ಇದು ಇಡೀ ದೇಶಕ್ಕೆ ಹೇಳಿದ ಸರಾಸರಿಯೇ ಹೊರತು ಪ್ರತಿ ತಾಲ್ಲೂಕಿಗೆ ವಿಧಿಸಿದ ಗುರಿಯಲ್ಲ. ಆದರೆ ಆಡಳಿತದ ಮೆಟ್ಟಿಲಿಳಿದು ಬರುವಾಗ ಸರಾಸರಿಯು ಗುರಿಯಾಗಿ, ಗುರಿಯು ನೆಟ್ಟ ಸಸಿಗಳ ಸಂಖ್ಯೆಯಾಗಿ ಮಾರ್ಪಡುತ್ತದೆ. ವಿಜ್ಞಾನವೂ ನೀತಿಯೂ ದೂರವಾಗುವುದು ಇಲ್ಲಿಯೇ.

ಕಲಬುರಗಿ ಜಿಲ್ಲೆಯನ್ನೇ ನೋಡೋಣ. ಅದರ ಅರಣ್ಯದ ಬಹುಪಾಲು ಚಿಂಚೋಳಿಯಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಪ್ರಧಾನವಾಗಿ ತೊಗರಿ, ಜೋಳ ಬೆಳೆಯುವ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಎಳೆಯ ಬೇರು ಹರಿಯುತ್ತದೆ, ತೇವ ಆರುತ್ತದೆ. ಜಾಲಿ, ಬೇವು, ಬನ್ನಿ ಇದನ್ನು ತಾಳಬಲ್ಲವು. ಮಲೆನಾಡಿನ ಮರಗಳು ತಾಳಲಾರವು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು ಅಲ್ಲಿ ಗುಂಡಿ ತೋಡಿದರೆ ಕುರಿಗಾರನ ಮೇವೂ ಕೃಷ್ಣಮೃಗದ ನೆಲೆಯೂ ಒಟ್ಟಿಗೇ ಹೋಗುತ್ತವೆ.

ಅಳತೆಯ ಕ್ರಮವೂ ಇಲ್ಲಿನ ನೆಲಕ್ಕೆ ಅನುಕೂಲವಾಗಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯಂತೆ ಕನಿಷ್ಠ ಒಂದು ಹೆಕ್ಟೇರ್ ವಿಸ್ತಾರ ಮತ್ತು ಶೇ 10ರಷ್ಟು ಮೇಲಾವರಣವಿದ್ದರೆ ಮಾತ್ರ ಅದು ಅರಣ್ಯಾವರಣ. ಹೊಲದ ಬದುವಿನ ಬೇವಾಗಲಿ, ಊರ ಮುಂದಿನ ಹುಣಸೆಯಾಗಲಿ ಈ ಲೆಕ್ಕಕ್ಕೆ ಬಾರದು. ಬಯಲುಸೀಮೆಯ ನಿಜವಾದ ವೃಕ್ಷಸಂಪತ್ತು ಇರುವುದಾದರೋ ಅಲ್ಲಿಯೇ.

ವಿಜ್ಞಾನ ನೀತಿಯಾದ ಉದಾಹರಣೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ರಾಜ್ಯವು 2011ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು, ಬದುಕುಳಿದ ಸಸಿಗಳನ್ನು ಎಣಿಸಿ ರೈತನಿಗೆ ಮೂರು ವರ್ಷ ಪ್ರೋತ್ಸಾಹಧನ ನೀಡುತ್ತದೆ. 2014ರಲ್ಲಿ ಕೇಂದ್ರವೂ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ರೂಪಿಸಿತು. ರೈತನಿಗೆ ಅನ್ವಯಿಸುವ ಈ ಮಾನದಂಡ ಸರ್ಕಾರಕ್ಕೇಕೆ ಅನ್ವಯಿಸಬಾರದು? ನೆಟ್ಟದ್ದು ವೆಚ್ಚದ ಲೆಕ್ಕ. ಉಳಿದದ್ದು ಫಲದ ಲೆಕ್ಕ. ಎರಡನ್ನೂ ಒಂದೆಂದು ಭಾವಿಸುವುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠಕ್ಕೇ ವಿರುದ್ಧ.

ಆಗಬೇಕಾದದ್ದು ಮೂರು. ಒಂದು, ತಾಲ್ಲೂಕಿನ ವಾರ್ಷಿಕ ನೆಡುತೋಪು ಯೋಜನೆಗೆ ಮಂಜೂರಾತಿ ನೀಡುವ ಮುನ್ನ ಮಣ್ಣು ಮತ್ತು ಮರದ ಜಾತಿಯ ಕುರಿತು ರಾಯಚೂರು ಕೃಷಿ ವಿಶ್ವವಿದ್ಯಾಲಯದ ತಜ್ಞರ ಲಿಖಿತ ಅಭಿಪ್ರಾಯ ಪಡೆಯಬೇಕು; ಅದನ್ನು ಒಪ್ಪದಿದ್ದರೆ ಕಾರಣ ದಾಖಲಿಸಬೇಕು. ಎರಡು, ಮೂರನೇ ವರ್ಷದಲ್ಲಿ ಬದುಕುಳಿದ ಸಸಿಗಳ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಬೇಕು. ಮೂರು, ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಗುರುತಿಸಿ ರಕ್ಷಿಸಬೇಕು.

ಇಷ್ಟೆಲ್ಲ ಕೇಳುತ್ತ ಕುಳಿತರೆ ಮಳೆಗಾಲವೇ ಕಳೆದುಹೋಗುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ಸಸ್ಯಕ್ಷೇತ್ರದಲ್ಲಿ ಸಸಿ ಬೆಳೆಸುವ ಕೆಲಸ ತಿಂಗಳುಗಳ ಮೊದಲೇ ಆರಂಭವಾಗಬೇಕಷ್ಟೆ. ತಜ್ಞರನ್ನು ಕೇಳಬೇಕಾದದ್ದು ಆಗಲೇ. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ಮೂಲಕ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆತಿರುವುದು ಈ ನೆಲದ ಅಗತ್ಯಗಳು ಬೇರೆ ಎಂಬ ಕಾರಣಕ್ಕೆ. ಮರಗಳ ವಿಷಯದಲ್ಲಿಯೂ ಆ ಭಿನ್ನತೆಯನ್ನು ಸರ್ಕಾರ ಮಾನ್ಯಮಾಡಲಿ.